ಜಿ41 ಬೋರ್ಡಿಗೆ 4 ಜಿಬಿ ರ‍್ಯಾಮ್ ಹಾಕಿದರೆ ಡಿಸ್‌ಪ್ಲೇ ಇಲ್ಲ, ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ರ‍್ಯಾಮ್ ಓಡುತ್ತಿದೆ

ಅಚ್ಚುಮೊಳೆ

ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್, ಇಷ್ಟೇ ಕೆಲಸ. ಕಂಪ್ಯೂಟರ್ ಹಳೆಯದು. ಕೋರ್ 2 ಡ್ಯುಯೋ ಇ7500, ಜಿ41 ಮದರ್‌ಬೋರ್ಡ್, 1 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, ವಿಂಡೋಸ್ 7. ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪಿಂಗಿನ ನುಡಿ, ಫೋಟೋಶಾಪ್ ಮೂರೂ ತೆರೆದಿರುತ್ತವೆ. ಅದರ ಮೇಲೆ ಗಿರಾಕಿ ಮೇಲ್ ಮಾಡಿದ ಫೋಟೋ ಇಳಿಸೋಕೆ ಬ್ರೌಸರ್ ತೆಗೆದರೆ ಮುಗೀತು, ಮೌಸ್ ಕೂಡ ಅಲ್ಲಾಡಲ್ಲ.

ಬೋರ್ಡಿನ ಪುಸ್ತಕದಲ್ಲಿ 8 ಜಿಬಿವರೆಗೆ ಹಾಕಬಹುದು ಅಂತ ಇದೆ. ಅದಕ್ಕೇ 4 ಜಿಬಿಯ ಒಂದು ರ‍್ಯಾಮ್ ತಂದೆ. ಹಾಕಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಮಾನಿಟರ್ ಮಾತ್ರ ಕಪ್ಪು. ಹಳೆಯದನ್ನು ಹಾಕಿದರೆ ಎಂದಿನಂತೆ ವಿಂಡೋಸ್ ಬರುತ್ತದೆ. ಅಂಗಡಿಗೆ ವಾಪಸ್ ತಗೊಂಡು ಹೋದೆ. ಅವರ ಕಂಪ್ಯೂಟರಿಗೆ ಹಾಕಿದರು, ಒಂದೇ ಸಲಕ್ಕೆ ಬಂತು. "ರ‍್ಯಾಮ್ ಚೆನ್ನಾಗೇ ಇದೆ, ನಿಮ್ಮ ಬೋರ್ಡ್ ಹೋಗಿದೆ, ಹೊಸ ಸೆಟ್ ತಗೊಳ್ಳಿ" ಅಂದರು. ಬೋರ್ಡ್ ಹೋಗಿದ್ದರೆ ಹಳೇ ರ‍್ಯಾಮಿಗೆ ಹೇಗೆ ಓಡುತ್ತೆ? ತಿಳಿದವರು ಹೇಳಿ.

ಕರಾವಳಿ ಟೆಕ್

ಮೊದಲು ರಬ್ಬರ್ ತಗೊಳ್ಳಿ ಸರ್. ಪೆನ್ಸಿಲ್ ಅಳಿಸುವ ಮೆತ್ತನೆಯದ್ದು, ಪೆನ್ನಿನದ್ದು ಬೇಡ. ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಎರಡೂ ಬದಿ ಉಜ್ಜಿ, ಪುಡಿಯನ್ನು ಬ್ರಷ್‌ನಲ್ಲಿ ಪೂರ್ತಿ ತೆಗೆಯಿರಿ. ಸ್ಲಾಟಿನ ಧೂಳಿಗೆ ಬಾಯಿಂದ ಊದಬೇಡಿ, ಎಂಜಲು ಹಾರುತ್ತೆ. ಬ್ಲೋವರ್ ಇದ್ದರೆ ಸಾಕು.

ಕೈ ಹಾಕುವ ಮುಂಚೆ ಪವರ್ ಕಾರ್ಡ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಲೋಹ ಒಮ್ಮೆ ಮುಟ್ಟಿ. ರ‍್ಯಾಮ್ ಕೂರಿಸುವಾಗ ಎರಡೂ ತುದಿಯ ಕ್ಲಿಪ್ ತಾವಾಗಿಯೇ ಟಕ್ ಅಂತ ಮುಚ್ಚಬೇಕು. ಹಳೇ ಬೋರ್ಡುಗಳಲ್ಲಿ ಒಂದು ಬದಿ ಕೂತು ಇನ್ನೊಂದು ಬದಿ ಕೂದಲೆಳೆಯಷ್ಟು ಮೇಲೆ ನಿಂತಿರುತ್ತೆ, ಕಣ್ಣಿಗೆ ಗೊತ್ತಾಗಲ್ಲ.

ಅಚ್ಚುಮೊಳೆ

ಮಾಡಿದೆ ಸರ್. ಎರಡೂ ಸ್ಲಾಟ್ ಬದಲಾಯಿಸಿ ನೋಡಿದೆ. ಸೆಲ್ ತೆಗೆದು ಬಯೋಸ್ (ಬೋರ್ಡಿನ ಮೂಲ ಸೆಟ್ಟಿಂಗ್) ರೀಸೆಟ್ ಕೂಡ ಆಯ್ತು. ಅದೇ ಕಥೆ.

ಹಳೇ ಬೋರ್ಡು

ಪ್ರತಿ ಚರ್ಚೆಯಲ್ಲೂ ಮೊದಲ ಉತ್ತರ ರಬ್ಬರೇ. ತಪ್ಪೇನಿಲ್ಲ, ಎಷ್ಟೋ ಸಲ ಅದರಲ್ಲೇ ಸರಿಹೋಗುತ್ತೆ. ಆದರೆ ಇಲ್ಲಿ ಹಳೇ ರ‍್ಯಾಮ್ ಎರಡೂ ಸ್ಲಾಟಿನಲ್ಲಿ ಓಡುತ್ತಿದೆ, ಹೊಸದು ಬೇರೆ ಕಂಪ್ಯೂಟರಿನಲ್ಲಿ ಓಡುತ್ತಿದೆ. ಅಂದರೆ ಬೋರ್ಡೂ ಸರಿ ಇದೆ, ರ‍್ಯಾಮೂ ಸರಿ ಇದೆ. ಇಬ್ಬರಿಗೂ ಹೊಂದಾಣಿಕೆ ಇಲ್ಲ ಅಷ್ಟೇ. ಬೋರ್ಡ್ ಬದಲಾಯಿಸೋ ಮಾತು ಸದ್ಯಕ್ಕೆ ಬಿಡಿ.

ಎರಡು ವಿಷಯ ಹೇಳಿ. ಹೊಸ ರ‍್ಯಾಮಿನಲ್ಲಿ ಕಪ್ಪು ಚಿಪ್ ಎಷ್ಟಿವೆ? ಒಂದೇ ಬದಿಯೋ, ಎರಡೂ ಬದಿಯೋ? ಆಮೇಲೆ ಲೇಬಲ್ಲಿನಲ್ಲಿ ಪಿಸಿ3 ಅಂತ ಶುರುವಾಗುವ ಸಾಲು ಪೂರ್ತಿ ಹಾಕಿ, ಅದರ ಹಿಂದೆ ಮುಂದೆ ಇರೋದೂ ಸೇರಿಸಿ.

ಅಚ್ಚುಮೊಳೆ

ಒಂದೇ ಬದಿ, 8 ಚಿಪ್. ಹಿಂದೆ ಖಾಲಿ. ಲೇಬಲ್: 4ಜಿಬಿ 1ಆರ್ಎಕ್ಸ್8 ಪಿಸಿ3-12800ಯು. ಚಿಪ್ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಇದೆ, ಬರಿಗಣ್ಣಿಗೆ ಕಾಣಲ್ಲ.

ಹಳೇ ಬೋರ್ಡು

ಸಿಕ್ಕಿತು. ನಿಮ್ಮ ಬೋರ್ಡಿಗೆ ಈ ರ‍್ಯಾಮ್ ಯಾವತ್ತೂ ಓಡಲ್ಲ.

ಕಾರಣ ಸ್ವಲ್ಪ ಬಿಡಿಸಿ ಹೇಳ್ತೀನಿ. 4 ಜಿಬಿ ಅಂದರೆ 4 ಗಿಗಾಬೈಟ್, ಅಂದರೆ 32 ಗಿಗಾಬಿಟ್. ಚಿಪ್ ಲೆಕ್ಕ ಯಾವಾಗಲೂ ಬಿಟ್‌ನಲ್ಲಿ. ನಿಮ್ಮ ರ‍್ಯಾಮಿನಲ್ಲಿ 8 ಚಿಪ್ ಇವೆ, ಹಾಗಾದರೆ ಒಂದೊಂದೂ 4 ಗಿಗಾಬಿಟ್‌ದು. ಜಿ41 ಚಿಪ್‌ಸೆಟ್ಟಿಗೆ 2 ಗಿಗಾಬಿಟ್‌ವರೆಗಿನ ಚಿಪ್ ಮಾತ್ರ ಗೊತ್ತು. 4 ಗಿಗಾಬಿಟ್ ಚಿಪ್ಪಿನ ಒಳಗಿನ ಅಷ್ಟೂ ಜಾಗ ಮುಟ್ಟೋಕೆ ಒಂದು ವಿಳಾಸದ ಲೈನ್ ಜಾಸ್ತಿ ಬೇಕು. ಅದನ್ನು ಬಳಸೋದು ಜಿ41ಗೆ ಗೊತ್ತಿಲ್ಲ. ಕೆಲವು ಬೋರ್ಡುಗಳು ಅರ್ಧ ಅಳತೆ ತೋರಿಸಿ ಬೂಟ್ ಆಗುತ್ತವೆ, ಬಹಳಷ್ಟು ನಿಮ್ಮದರ ಹಾಗೆ ಕಪ್ಪು ಪರದೆಯಲ್ಲೇ ನಿಲ್ಲುತ್ತವೆ.

ನಿಮ್ಮ ಬೋರ್ಡಿನಲ್ಲಿ ರ‍್ಯಾಮನ್ನು ನೋಡಿಕೊಳ್ಳೋದು ಮದರ್‌ಬೋರ್ಡಿನ ಚಿಪ್‌ಸೆಟ್. 2011ರಲ್ಲಿ ಬಂದ ಎಚ್61 ತರಹದ ಬೋರ್ಡುಗಳಲ್ಲಿ ಆ ಕೆಲಸ ಪ್ರೊಸೆಸರ್ ಒಳಗೇ ನಡೆಯುತ್ತೆ, ಅವುಗಳಿಗೆ 4 ಗಿಗಾಬಿಟ್ ಚಿಪ್ ತೊಂದರೆಯೇ ಅಲ್ಲ. ಅಂಗಡಿಯವರ ಕಂಪ್ಯೂಟರ್ ಬಹುಶಃ ಅಂಥದ್ದೇ, ಅದಕ್ಕೇ ಅಲ್ಲಿ ಓಡಿತು.

ನಿಮಗೆ ಬೇಕಾಗಿರೋದು 16 ಚಿಪ್ಪಿನ 4 ಜಿಬಿ. ಎರಡೂ ಬದಿ ಎಂಟೆಂಟು. ಲೇಬಲ್ಲಿನಲ್ಲಿ 2ಆರ್ಎಕ್ಸ್8 ಅಂತ ಇರಬೇಕು. 2ಆರ್ ಅಂದರೆ ಚಿಪ್ಪುಗಳ ಎರಡು ಗುಂಪು, ಎಕ್ಸ್8 ಅಂದರೆ ಒಂದೊಂದು ಚಿಪ್ ಒಂದು ಸಲಕ್ಕೆ 8 ಬಿಟ್ ಕೊಡುತ್ತೆ. ಪಿಸಿ3-8500 ಆದರೂ ಸರಿ, 10600 ಆದರೂ ಸರಿ. ಜಿ41 ಹೇಗಿದ್ದರೂ 1066 ವೇಗದಲ್ಲೇ (ಪಿಸಿ3-8500 ಅಂದರೆ ಅದೇ) ಓಡಿಸುತ್ತೆ, ಹೆಚ್ಚಿನ ವೇಗದ್ದು ಹಾಕಿದರೆ ಅದೇ ಇಳಿದು ಬರುತ್ತೆ. ಜಾಸ್ತಿ ವೇಗಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಕೊನೆಗೆ ಯು ಅಕ್ಷರ ಇರಲಿ. ಆರ್ ಅಂತ ಇದ್ದರೆ ಅದು ಸರ್ವರ್ ರ‍್ಯಾಮ್, ಅಗ್ಗಕ್ಕೆ ಸಿಗುತ್ತೆ, ನಮಗೆ ಉಪಯೋಗಕ್ಕೆ ಬರಲ್ಲ.

ಸೋಲ್ಡರ್ ಕೈ

ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. 16 ಚಿಪ್ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ತಗೋಬೇಡಿ. ಆನ್‌ಲೈನಲ್ಲಿ "ಎಎಂಡಿಗೆ ಮಾತ್ರ" ಅಂತ ಮಾರುವ ಡಿಡಿಆರ್3 ರ‍್ಯಾಮ್ ಇವೆ. ಅವುಗಳಲ್ಲೂ 16 ಚಿಪ್ ಇರುತ್ತವೆ, ಆದರೆ ಎಕ್ಸ್8 ಬದಲು ಎಕ್ಸ್4 ಚಿಪ್. ನಿಮ್ಮದರಂಥ ಇಂಟೆಲ್ ಬೋರ್ಡಿಗೆ ಹಾಕಿದರೆ ಮತ್ತೆ ಕಪ್ಪು ಪರದೆ. ಕೆಲವರು ಆ ಮಾತನ್ನು ವಿವರಣೆಯ ತಳದಲ್ಲಿ ಸಣ್ಣದಾಗಿ ಹಾಕಿರುತ್ತಾರೆ, ಕೆಲವರು ಹಾಕೋದೇ ಇಲ್ಲ.

ಲೇಬಲ್ ನಂಬಿಕೆ ಬರದಿದ್ದರೆ ಚಿಪ್ಪಿನ ನಂಬರ್ ಓದಿ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು, ಬದಿಯಿಂದ ಟಾರ್ಚ್ ಬಿಟ್ಟರೆ ಅಕ್ಷರ ಎದ್ದು ಕಾಣುತ್ತೆ. ಸ್ಯಾಮ್‌ಸಂಗ್ ಆದರೆ ಕೆ4ಬಿ2ಜಿ08 ಅಂತ ಶುರುವಾಗಬೇಕು. ಅದರಲ್ಲಿ 2ಜಿ ಅಂದರೆ 2 ಗಿಗಾಬಿಟ್, 08 ಅಂದರೆ ಎಕ್ಸ್8. 4ಜಿ08 ಇದ್ದರೆ ಈಗ ನಿಮ್ಮ ಹತ್ತಿರ ಇರುವ ಜಾತಿಯದ್ದು. 2ಜಿ04 ಇದ್ದರೆ ಎಎಂಡಿಯದ್ದು. ಹೈನಿಕ್ಸ್‌ನಲ್ಲಿ ಎಚ್5ಟಿಕ್ಯೂ2ಜಿ8 ಅಂತ ನೋಡಿ.

ಬೆಂಗಳೂರಿಗೆ ಬರೋದಿದ್ದರೆ ಎಸ್.ಪಿ. ರೋಡಿನಲ್ಲಿ ಹಳೇ ರ‍್ಯಾಮ್ ಡಬ್ಬಿಗಟ್ಟಲೆ ಇಟ್ಟುಕೊಂಡು ಕೂತಿರುತ್ತಾರೆ. "ಜಿ41ಗೆ ಬೇಕು, ಡಬಲ್ ಸೈಡ್ ಕೊಡಿ" ಅಂದರೆ ಹಳಬರಿಗೆ ತಕ್ಷಣ ಅರ್ಥ ಆಗುತ್ತೆ.

ಕರಾವಳಿ ಟೆಕ್

ಒಂದು ಮಾತು. ವಿಂಡೋಸ್ 7 32-ಬಿಟ್ಟಾ, 64-ಬಿಟ್ಟಾ? 32 ಆದರೆ 8 ಜಿಬಿ ಹಾಕಿದರೂ ಮೂರು ಚಿಲ್ಲರೆ ಜಿಬಿ ಮಾತ್ರ ಸಿಗೋದು. ಅಷ್ಟಕ್ಕೇ ಸಾಕು ಅಂದರೆ 2 ಜಿಬಿಯ ಎರಡು ರ‍್ಯಾಮ್ ಹಾಕಿ ಸುಮ್ಮನಾಗಿ. ಎರಡು ಸ್ಲಾಟಿಗೂ ಒಂದೇ ಅಳತೆಯದ್ದು ಇದ್ದರೆ ಡ್ಯುಯಲ್ ಚಾನೆಲ್ ಕೂಡ ಸಿಗುತ್ತೆ, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಬೋರ್ಡಿನ ಗ್ರಾಫಿಕ್ಸೂ ಇದೇ ರ‍್ಯಾಮ್ ಬಳಸೋದರಿಂದ ಅದು ಲಾಭವೇ.

ಉಳಿದ ದುಡ್ಡಲ್ಲಿ ಎಸ್‌ಎಸ್‌ಡಿ ಹಾಕಿಸಿ ಅಂತ ನನ್ನ ಸಲಹೆ. ಈ ಬೋರ್ಡಿನಲ್ಲಿ ಅದರ ಪೂರ್ತಿ ವೇಗ ಬರಲ್ಲ. ಆದರೂ ಹಳೇ ಹಾರ್ಡ್‌ಡಿಸ್ಕಿಗೂ ಅದಕ್ಕೂ ಅಜಗಜಾಂತರ.

ಅಚ್ಚುಮೊಳೆ

32-ಬಿಟ್. 64ಕ್ಕೆ ಹೋಗೋಕೆ ಭಯ, ಪೇಜ್‌ಮೇಕರ್ ಮತ್ತು ನುಡಿ ಓಡದೇ ಹೋದರೆ ಅಂಗಡಿ ಬಾಗಿಲು ಹಾಕಬೇಕು. ಹಿಂದಿನ ಲಗ್ನಪತ್ರಿಕೆ ಫೈಲೆಲ್ಲಾ ಅದರಲ್ಲೇ ಇವೆ.

ಹಳೇ ಬೋರ್ಡು

ಪೇಜ್‌ಮೇಕರ್ 7 32-ಬಿಟ್ ಪ್ರೋಗ್ರಾಂ. 64-ಬಿಟ್ ವಿಂಡೋಸ್‌ನಲ್ಲಿ 32-ಬಿಟ್ ಪ್ರೋಗ್ರಾಂ ಓಡುತ್ತವೆ. ಓಡದೇ ಇರೋದು 16-ಬಿಟ್‌ನವು, ಅದರಲ್ಲೂ ಹಳೇ ಸಿಡಿಗಳ ಇನ್‌ಸ್ಟಾಲರ್. ನಿಮ್ಮ ಸಿಡಿ ತುಂಬಾ ಹಳೆಯ ಆವೃತ್ತಿಯದಾದರೆ ಅಲ್ಲಿ ಸಿಕ್ಕಿಕೊಳ್ಳಬಹುದು. ನಿಜವಾದ ತಲೆನೋವು ಪ್ರಿಂಟರ್. ಅದಕ್ಕೆ 64-ಬಿಟ್ ಡ್ರೈವರ್ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಮುಂದಿನ ಮಾತು.

32ರಿಂದ 64ಕ್ಕೆ ಅಪ್‌ಗ್ರೇಡ್ ಅಂತ ಇಲ್ಲ, ಹೊಸದಾಗಿಯೇ ಹಾಕಬೇಕು. ಹಾಗಾಗಿ ಬೇರೆ ಡಿಸ್ಕಿಗೆ ಹಾಕಿ. ಹಳೇ ಡಿಸ್ಕ್ ಮುಟ್ಟಬೇಡಿ, ಕೇಬಲ್ ಕಿತ್ತು ಹಾಗೇ ಇಡಿ. ಕೆಲಸ ಕೆಟ್ಟರೆ ವಾಪಸ್ ಜೋಡಿಸಿದರಾಯ್ತು. ಫಾಂಟ್ ಫೋಲ್ಡರ್ ಕೂಡ ನಕಲು ಮಾಡಿಟ್ಟುಕೊಳ್ಳಿ, ನುಡಿ ಫಾಂಟ್ ಒಂದು ಕಡಿಮೆಯಾದರೂ ಹಳೇ ಫೈಲ್ ತೆರೆದಾಗ ಅಕ್ಷರವೆಲ್ಲ ಚಿತ್ರವಿಚಿತ್ರ ಕಾಣುತ್ತೆ.

ಇನ್ನೊಂದು, ರ‍್ಯಾಮ್ ಜಾಸ್ತಿ ಆದರೆ ಪೇಜ್‌ಮೇಕರ್ ಏನೂ ಓಡೋಡಿ ಬರಲ್ಲ. ಅದು ಮೆಗಾಬೈಟ್ ಲೆಕ್ಕದ ಕಾಲದಲ್ಲಿ ಹುಟ್ಟಿದ್ದು. ರ‍್ಯಾಮ್ ತಿನ್ನುತ್ತಿರೋದು ಬ್ರೌಸರ್ ಮತ್ತು ಫೋಟೋಶಾಪ್. ನಾಲ್ಕನ್ನೂ ಒಟ್ಟಿಗೆ ತೆರೆದಿಡೋಕೆ ಜಾಗ ಸಿಗುತ್ತೆ, ನಿಮಗೆ ಬೇಕಾಗಿರೋದೂ ಅದೇ ಅಲ್ವಾ?

ಅಚ್ಚುಮೊಳೆ

ಖುಷಿ ಸುದ್ದಿ. 2ಆರ್ಎಕ್ಸ್8 ಇರುವ 4 ಜಿಬಿಯ ಎರಡು ಸಿಕ್ಕವು, ಚಿಪ್ ನಂಬರ್ ಓದಿಯೇ ತಗೊಂಡೆ. ಅಂಗಡಿಯವರು ಮೊದಲು ತಂದಿದ್ದ 8 ಚಿಪ್ಪಿನದನ್ನು ಬದಲಾಯಿಸಿಕೊಟ್ಟರು. ಬಯೋಸ್‌ನಲ್ಲಿ 8 ಜಿಬಿ ತೋರಿಸಿತು. ಪ್ರಿಂಟರ್ ಡ್ರೈವರ್ ಸಿಕ್ಕ ಮೇಲೆ ಹೊಸ ಎಸ್‌ಎಸ್‌ಡಿಗೆ 64-ಬಿಟ್ ಹಾಕಿದೆ.

ಆದರೆ ಈಗ ಎರಡು ತೊಂದರೆ. ಒಂದು, 8 ಜಿಬಿ ಅಂತ ತೋರಿಸಿ ಪಕ್ಕದಲ್ಲಿ ಬಳಸಬಹುದಾದ್ದು 3.24 ಅಂತ ಬರುತ್ತಿದೆ, 64-ಬಿಟ್ ಆದರೂ. ಎರಡು, ಪೇಜ್‌ಮೇಕರ್‌ನಲ್ಲಿ ನುಡಿಯಿಂದ ಟೈಪ್ ಮಾಡಿದರೆ ಇಂಗ್ಲಿಷ್ ಅಕ್ಷರವೇ ಬೀಳುತ್ತದೆ. ನೋಟ್‌ಪ್ಯಾಡಿನಲ್ಲಿ ಹಾಗಾಗಲ್ಲ, ಕೀಲಿಮಣೆ ಸರಿಯಾಗಿ ಕೆಲಸ ಮಾಡುತ್ತೆ.

ಸೋಲ್ಡರ್ ಕೈ

ಮೊದಲನೆಯದಕ್ಕೆ ಎರಡು ಕಡೆ ನೋಡಿ. ಬಯೋಸ್‌ನಲ್ಲಿ ಮೆಮೊರಿ ರೀಮ್ಯಾಪ್ (4 ಜಿಬಿ ಗಡಿಯ ಕೆಳಗೆ ಜಾಗ ಸಿಗದ ಮೆಮೊರಿಗೆ ಅದರ ಮೇಲೆ ವಿಳಾಸ ಕೊಡೋದು) ಅಂತ ಇರುತ್ತೆ, ಸಾಮಾನ್ಯವಾಗಿ ಚಿಪ್‌ಸೆಟ್ ಪುಟದಲ್ಲಿ. ಅದನ್ನು ಎನೇಬಲ್ ಮಾಡಿ. ಸೆಲ್ ತೆಗೆದು ರೀಸೆಟ್ ಮಾಡಿದ್ದೀರಲ್ಲ, ಆಗ ಆಫ್ ಆಗಿರಬಹುದು. ಅಲ್ಲೂ ಸರಿಯಿದ್ದರೆ ವಿಂಡೋಸ್‌ನ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಟ್ಯಾಬಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಮೆಮೊರಿ ಮುಂದೆ ಟಿಕ್ ಬಿದ್ದಿದ್ದರೆ ತೆಗೆಯಿರಿ. ಆ ಟಿಕ್ ಹಾಕಿದರೆ ವೇಗ ಹೆಚ್ಚುತ್ತೆ ಅಂತ ಯೂಟ್ಯೂಬ್‌ನಲ್ಲಿ ಯಾರ‍್ಯಾರೋ ಹೇಳಿಕೊಡ್ತಾರೆ. ಅದು ರ‍್ಯಾಮಿಗೆ ಮಿತಿ ಹಾಕುವ ಟಿಕ್, ಹೆಚ್ಚಿಸೋದಲ್ಲ.

ಎಲ್ಲ ಆದ ಮೇಲೆ ಪೆನ್‌ಡ್ರೈವ್‌ಗೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿ ಒಂದು ರಾತ್ರಿ ಓಡಲು ಬಿಡಿ. ಸೆಕೆಂಡ್ ಹ್ಯಾಂಡ್ ರ‍್ಯಾಮ್ ತಂದರೆ ನಾನಂತೂ ಇದನ್ನು ಬಿಡಲ್ಲ. ಒಂದೇ ಒಂದು ಕೆಂಪು ಸಾಲು ಬಂದರೂ ವಾಪಸ್ ಕೊಡಿ.

ಹಳೇ ಬೋರ್ಡು

ನುಡಿಯದ್ದು ನಾನು ಹೇಳ್ತೀನಿ. ಪೇಜ್‌ಮೇಕರನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ತೆರೆಯುತ್ತಿದ್ದೀರಾ? ಹಾಗಿದ್ದರೆ ನುಡಿಯನ್ನೂ ಹಾಗೇ ತೆರೆಯಬೇಕು. ಅಡ್ಮಿನ್ ಅಧಿಕಾರದಲ್ಲಿ ಓಡುವ ಪ್ರೋಗ್ರಾಮಿಗೆ ಹೋಗುವ ಕೀಲಿಗಳನ್ನು ಸಾಧಾರಣ ಅಧಿಕಾರದ ಪ್ರೋಗ್ರಾಂ ಮಧ್ಯೆ ತಡೆದು ಬದಲಾಯಿಸೋಕೆ ವಿಂಡೋಸ್ ಬಿಡಲ್ಲ. ನುಡಿ ಮಾಡೋದು ಅದನ್ನೇ. ನೋಟ್‌ಪ್ಯಾಡ್ ಸಾಧಾರಣವಾಗಿ ತೆರೆದಿರೋದರಿಂದ ಅಲ್ಲಿ ತೊಂದರೆ ಇಲ್ಲ.

ಅಚ್ಚುಮೊಳೆ

ಎರಡೂ ಸರಿಯಾದವು. ರೀಮ್ಯಾಪ್ ಆಫ್ ಇತ್ತು. ಈಗ ಬೋರ್ಡಿನ ಗ್ರಾಫಿಕ್ಸಿಗೆ ಹೋದದ್ದು ಬಿಟ್ಟು ಏಳು ಜಿಬಿಗೂ ಮೇಲೆ ಸಿಗುತ್ತಿದೆ. ನುಡಿಯ ಶಾರ್ಟ್‌ಕಟ್ಟಿಗೆ ಅಡ್ಮಿನಿಸ್ಟ್ರೇಟರ್ ಟಿಕ್ ಹಾಕಿದ ಕೂಡಲೇ ಪೇಜ್‌ಮೇಕರ್‌ನಲ್ಲಿ ಕನ್ನಡ ಬಂತು. ಮೆಮ್‌ಟೆಸ್ಟ್ ಈವತ್ತು ರಾತ್ರಿ ಹಾಕ್ತೀನಿ, ಬೆಳಿಗ್ಗೆ ಒಂದು ಲಗ್ನಪತ್ರಿಕೆ ಕೊಡೋದಿದೆ, ಅದು ಮುಗಿಯಲಿ.

ತೆಗೆದ 1 ಜಿಬಿಯ ಎರಡು ಡಿಡಿಆರ್3 ನನ್ನ ಹತ್ತಿರ ಸುಮ್ನೆ ಬಿದ್ದಿವೆ. ಗದಗ, ಹುಬ್ಬಳ್ಳಿ ಕಡೆಯವರಿಗೆ ಟೆಸ್ಟ್ ಮಾಡೋಕೆ ಬೇಕಿದ್ದರೆ ಹೇಳಿ, ದುಡ್ಡೇನೂ ಬೇಡ.