ಡೇಟಾ ಸಫಿಷಿಯೆನ್ಸಿ: ಬೋರ್ಡೋ ಹೊಡೆದಿಲ್ಲ ಅಂದ್ರೆ ಕೊಳೆ ಬಂತು ಅಂತಲೇ?

ಸಾಗರ_ಅಭ್ಯರ್ಥಿ:
ಬ್ಯಾಂಕ್ ಪರೀಕ್ಷೆಯ ಡೇಟಾ ಸಫಿಷಿಯೆನ್ಸಿ ಮಾದರಿ ಪ್ರಶ್ನೆ, ಅಂದ್ರೆ ಕೊಟ್ಟ ಹೇಳಿಕೆಗಳು ಉತ್ತರ ಹೇಳೋಕೆ ಸಾಕಾ ಅಂತ ನೋಡೋದು. ಅಡಿಕೆ ತೋಟಕ್ಕೆ ಕೊಳೆ (ಮಳೆಗಾಲದಲ್ಲಿ ಕಾಯಿ ಕೊಳೆಸೋ ರೋಗ) ಬಂದಿದೆಯೇ?
ಹೇಳಿಕೆ 1: ಬೋರ್ಡೋ (ಕೊಳೆ ತಡೆಯೋಕೆ ಸಿಂಪಡಿಸೋ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದಿದ್ದರೆ ಕೊಳೆ ಬಂದಿಲ್ಲ.
ಹೇಳಿಕೆ 2: ಬೋರ್ಡೋ ಹೊಡೆದಿಲ್ಲ.
ಎರಡೂ ಸೇರಿದ್ರೆ ಸಾಕು ಅಂತ ಟಿಕ್ ಹಾಕಿದೆ. ಕೀ ಉತ್ತರದಲ್ಲಿ ‘ಸೇರಿದರೂ ಸಾಲದು’ ಅಂತಿದೆ. ಯಾಕೆ? ಪ್ರತಿ ಸಲ ಟ್ರುತ್ ಟೇಬಲ್ (ನಿಜ-ಸುಳ್ಳಿನ ಎಲ್ಲಾ ಸಾಧ್ಯತೆಗಳ ಪಟ್ಟಿ) ಬರೆಯೋಕೆ ಟೈಮೂ ಇರಲ್ಲ.

ಘಟ್ಟದ_ಗಣಿತ:
ಕೀ ಸರಿಯಾಗೇ ಇದೆ. ಬ = ಬೋರ್ಡೋ ಹೊಡೆದಿದ್ದಾರೆ, ಕ = ಕೊಳೆ ಬಂದಿದೆ ಅಂತ ಇಟ್ಕೊಳ್ಳಿ. ಹೇಳಿಕೆ 1 ಅಂದ್ರೆ ಬ → ¬ಕ, ಅಂದ್ರೆ ‘ಬ ನಿಜವಾದ್ರೆ ಕ ನಿಜವಲ್ಲ’ (¬ ಅಂದ್ರೆ ‘ಅಲ್ಲ’). ಇದು ಸುಳ್ಳಾಗೋದು ಒಂದೇ ಕಡೆ, ಬ, ಕ ಎರಡೂ ನಿಜವಾದಾಗ. ಬ ಸುಳ್ಳಾದ್ರೆ ಕ ಏನೇ ಇರಲಿ, ಹೇಳಿಕೆ ನಿಜವೇ. ಹೇಳಿಕೆ 2 ನಿಮ್ಮನ್ನ ಅಲ್ಲಿಗೇ ತಂದು ನಿಲ್ಲಿಸಿದೆ.

ಟೇಬಲ್ ಬೇಡ. ಪ್ರಶ್ನೆಗೆ ‘ಹೌದು’ ಅಂತ ಇಟ್ಟು ಹೇಳಿಕೆಗಳು ನಿಲ್ಲುತ್ತವಾ (ನಿಜವಾಗೇ ಉಳಿಯುತ್ತವಾ) ನೋಡಿ, ಆಮೇಲೆ ‘ಇಲ್ಲ’ ಅಂತ ಇಟ್ಟು ನೋಡಿ. ಎರಡು ಸಲವೂ ನಿಂತರೆ ಮಾಹಿತಿ ಸಾಲದು. ಒಂದೇ ಸಲ ನಿಂತರೆ ಸಾಕು. ಎರಡು ಸಲವೂ ಬಿದ್ದರೆ ಬಹುಶಃ ಬಾಣ ತಿರುಗಾ ಮುರುಗಾ ಬರೆದಿರ್ತೀರಿ. 4 ಅಂಶ ಇದ್ದರೆ ಟೇಬಲ್‌ಗೆ 16 ಸಾಲು ಬೇಕು. ‘ಸಾಲದು’ ಅನ್ನೋಕೆ ಹೀಗೆ ಎರಡು ಸಾಲು ಸಿಕ್ಕರೆ ಮುಗೀತು.

ತುಂಗಾತೀರ:
ಮೊದಲು ಹೇಳಿಕೆ 1 ಒಂದನ್ನೇ ಇಟ್ಟು ನೋಡಿ. ಆಮೇಲೆ 1ನ್ನ ಬೆರಳಲ್ಲಿ ಮುಚ್ಚಿ 2 ಒಂದೇ. ಕೊನೆಗೆ ಎರಡೂ. ಮುಚ್ಚದಿದ್ರೆ 1ರ ಮಾಹಿತಿ ಗೊತ್ತಿಲ್ಲದೇ 2ಕ್ಕೆ ನುಸುಳುತ್ತೆ.

ಇನ್ನೊಂದು ಗುಂಡಿ ಇದೆ. ಹೇಳಿಕೆ 2 ‘ಹೊಡೆದಿದ್ದಾರೆ’ ಅಂತಿದ್ದಿದ್ರೆ ಉತ್ತರ ಖಚಿತವಾಗಿ ‘ಕೊಳೆ ಬಂದಿಲ್ಲ’. ಖಚಿತ ‘ಇಲ್ಲ’ ಕೂಡ ಉತ್ತರವೇ, ಹಾಗಾಗಿ ಮಾಹಿತಿ ಸಾಕು. ಎಷ್ಟೋ ಜನ ಇಲ್ಲೇ ‘ಸಾಲದು’ ಅಂತ ಹಾಕಿ ಅಂಕ ಕಳ್ಕೊಳ್ತಾರೆ. ಹೇಳಿಕೆ 2 ‘ಕೊಳೆ ಬಂದಿದ್ದರೆ ಬೋರ್ಡೋ ಹೊಡೆದಿಲ್ಲ’ ಅಂತಿದ್ರೆ? ಅದು ಕ → ¬ಬ, ಅಂದ್ರೆ 1ನ್ನೇ ತಿರುಗಿಸಿ ಹೇಳಿದ್ದು. ಸೇರಿಸಿದ್ರೂ ಹೊಸದೇನೂ ಹುಟ್ಟಲ್ಲ.

ಸಾಗರ_ಅಭ್ಯರ್ಥಿ:
ಆದ್ರೂ ಬೋರ್ಡೋ ಹೊಡೆಯದೆ ಮಳೆಗಾಲ ಕಳೆದ್ರೆ ಕೊಳೆ ಬರದೇ ಇರುತ್ತಾ ಮಾರಾಯ್ರೆ?

ಘಟ್ಟದ_ಗಣಿತ:
ತೀರ್ಥಹಳ್ಳಿ ಕಡೆ ಕೇಳಿ ನೋಡಿ, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಅಂತ ಅಳತೆ ಹಿಡಿದು ಹೊಡೆದ್ರೂ ಮಳೆ ಬಿಡದಿದ್ರೆ ಕೊಳೆ ಬರುತ್ತೆ. ಅಂದ್ರೆ ತೋಟದಲ್ಲಿ ಹೇಳಿಕೆ 1 ಸುಳ್ಳಾಗಬಹುದು. ಪರೀಕ್ಷೇಲಿ ಅದು ನಿಜ ಅಂತಲೇ ಹಿಡೀಬೇಕು. ನೀವು ಮನಸ್ಸಲ್ಲೇ ¬ಬ → ಕ ಅನ್ನೋ ಮೂರನೇ ಹೇಳಿಕೆ ಸೇರಿಸಿಬಿಟ್ರಿ, ಅದು ಪ್ರಶ್ನೇಲಿ ಇಲ್ಲ. ‘ಎಲ್ಲಾ’, ‘ಕೆಲವು’ ಅಂತ ಬಂದ್ರೆ ಮಾತ್ರ ಈ ಬಾಣ ಸಾಲದು, ವೆನ್ ಚಿತ್ರ (ಗುಂಪುಗಳನ್ನ ವೃತ್ತಗಳಲ್ಲಿ ತೋರಿಸೋ ಚಿತ್ರ) ಹಾಕಿ.