ತಲೆಸುತ್ತೆಂದು ಬಂದವರಲ್ಲಿ ಸ್ಟ್ರೋಕ್ ಇದೆಯೇ ಎಂದು ಸ್ಕ್ಯಾನ್ ಇಲ್ಲದ ಕಡೆ ತಿಳಿಯುವುದು ಹೇಗೆ?

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯ ವೈದ್ಯ)

ನಾನು ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ವೈದ್ಯ. ಇಸಿಜಿ ಮತ್ತು ರಕ್ತಪರೀಕ್ಷೆಯ ಸೌಲಭ್ಯ ನಮ್ಮಲ್ಲಿದೆ. ಸಿಟಿ, ಎಂಆರ್‌ಐ ಎರಡೂ ಇಲ್ಲ. ಜಿಲ್ಲಾ ಆಸ್ಪತ್ರೆ 70 ಕಿಲೋಮೀಟರ್ ದೂರದಲ್ಲಿದೆ. ತಲೆಸುತ್ತು, ವಾಂತಿ ಎಂದು ವಾರಕ್ಕೆ ನಾಲ್ಕೈದು ಜನರಾದರೂ ಬರುತ್ತಾರೆ. ಜೊತೆಯಲ್ಲಿ ಬಂದವರು "ಪಿತ್ತ ಏರಿದೆ, ಒಂದು ಇಂಜೆಕ್ಷನ್ ಕೊಟ್ಟು ಕಳಿಸಿ ಸಾರ್" ಎನ್ನುತ್ತಾರೆ. ಬಹಳ ಸಲ ನಾನೂ ಸ್ಟೆಮೆಟಿಲ್ (ವಾಂತಿ, ತಲೆಸುತ್ತು ತಡೆಯುವ ಔಷಧಿ) ಕೊಟ್ಟು ಕಳಿಸಿದ್ದೇನೆ.

ಎರಡು ತಿಂಗಳ ಹಿಂದೆ ಸಕ್ಕರೆ ಕಾಯಿಲೆಯಿದ್ದ 58 ವರ್ಷದ ಮಹಿಳೆಯೊಬ್ಬರು ಹೀಗೆಯೇ ಬಂದರು. ಕೈಕಾಲಿನ ಬಲ ಸರಿಯಿತ್ತು, ಮಾತು ಸ್ಪಷ್ಟವಾಗಿತ್ತು. ಮನೆಯವರು ಹೊರಗಡೆ ಸಿಟಿ ಮಾಡಿಸಿದರು. ಅದು ನಾರ್ಮಲ್ ಎಂದು ಬಂದಾಗ ಎಲ್ಲರೂ ನಿರಾಳರಾದೆವು. ಮೂರನೆಯ ದಿನ ಅವರ ಪ್ರಜ್ಞೆ ಮಂಕಾಯಿತು. ಕಿರುಮೆದುಳಿನ ಸ್ಟ್ರೋಕ್ ಎಂದು ಆಮೇಲೆ ಗೊತ್ತಾಯಿತು. ಮೊದಲ ದಿನವೇ ನನ್ನ ಕಣ್ಣೆದುರಿಗಿದ್ದ ಯಾವ ಲಕ್ಷಣವನ್ನು ನಾನು ನೋಡದೆ ಬಿಟ್ಟೆ ಎಂಬುದೇ ನನ್ನ ಪ್ರಶ್ನೆ.

ಉತ್ತರ 1 (ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ)

ಡಾಕ್ಟರೇ, ಲಕ್ವ ಎಂದರೆ ಕೈಕಾಲು ಬೀಳಲೇಬೇಕು ಎಂಬ ನಮ್ಮ ಎಣಿಕೆ ಕಿರುಮೆದುಳಿನ ವಿಷಯದಲ್ಲಿ ಕೈಕೊಡುತ್ತದೆ. ಅಲ್ಲಿ ರಕ್ತನಾಳ ಕಟ್ಟಿಕೊಂಡರೆ ಬಲ ಉಳಿದಿರಬಹುದು, ಮಾತು ಉಳಿದಿರಬಹುದು, ಕೆಟ್ಟಿರುವುದು ಸಮತೋಲ ಮಾತ್ರ. ತಲೆಬುರುಡೆಯ ಹಿಂಭಾಗದ ಹೊಸ ಸ್ಟ್ರೋಕನ್ನು ಸಿಟಿ ಬಹುಮಟ್ಟಿಗೆ ತೋರಿಸುವುದಿಲ್ಲ. ಅದು ರಕ್ತಸ್ರಾವ ಇಲ್ಲವೆಂದು ಹೇಳಬಲ್ಲದೇ ಹೊರತು ಸ್ಟ್ರೋಕ್ ಇಲ್ಲವೆಂದು ಹೇಳಲಾರದು. ಮೊದಲ 48 ಗಂಟೆಗಳೊಳಗೆ ಎಂಆರ್‌ಐ ಕೂಡ ಕೆಲವೊಮ್ಮೆ ತಪ್ಪುತ್ತದೆ. ಕಿರುಮೆದುಳಿನ ಊತ ಏರುವುದು ನಂತರದ ದಿನಗಳಲ್ಲಾದ್ದರಿಂದ ನಿಮ್ಮ ರೋಗಿ ಮೂರನೆಯ ದಿನ ಮಂಕಾದರು.

"ತಲೆಸುತ್ತು ಹೇಗಿದೆ?" ಎಂದು ಕೇಳಿ ರೋಗ ಗುರುತಿಸುವ ಪದ್ಧತಿ 1972ರಿಂದ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತ್ತು. ನಮ್ಮ ಜನ ಬವಳಿ ಬಂದರೂ, ಕಣ್ಣು ಕತ್ತಲೆ ಬಂದರೂ, ಭೂಮಿಯೇ ತಿರುಗಿದರೂ "ತಲೆ ಸುತ್ತುತ್ತೆ" ಎಂದೇ ಹೇಳುತ್ತಾರೆ. ಹತ್ತು ನಿಮಿಷ ಬಿಟ್ಟು ಕೇಳಿದರೆ ಅದನ್ನೂ ಬದಲಿಸುತ್ತಾರೆ. ಆದ್ದರಿಂದ ನಾನು ಕೇಳುವುದು ಬೇರೆ: ಯಾವಾಗ ಶುರುವಾಯಿತು, ಬಿಟ್ಟು ಬಿಟ್ಟು ಬರುತ್ತಿದೆಯೋ ಎಡೆಬಿಡದೆ ಇದೆಯೋ, ಅಲುಗಾಡದೆ ಮಲಗಿದಾಗ ಪೂರ್ತಿ ನಿಲ್ಲುತ್ತದೆಯೋ.

ಗಂಟೆಗಟ್ಟಲೆ ಎಡೆಬಿಡದೆ ತಿರುಗುತ್ತಿದ್ದು, ಕಣ್ಣುಗುಡ್ಡೆಗಳು ತಾವಾಗಿಯೇ ಓಲಾಡುತ್ತಿದ್ದರೆ (ನಿಸ್ಟಾಗ್ಮಸ್) ಹಿಂಟ್ಸ್ ಎಂಬ ಮೂರು ಪರೀಕ್ಷೆಗಳ ಕಟ್ಟು ಕೆಲಸಕ್ಕೆ ಬರುತ್ತದೆ. 2009ರ ಅಧ್ಯಯನವೊಂದರಲ್ಲಿ, ತರಬೇತಿ ಪಡೆದವರ ಕೈಯಲ್ಲಿ ಇದು ಆರಂಭದ ಎಂಆರ್‌ಐಗಿಂತ ಹೆಚ್ಚು ಸ್ಟ್ರೋಕುಗಳನ್ನು ಹಿಡಿಯಿತು. ರೋಗಿ ನಿಮ್ಮ ಮೂಗನ್ನೇ ನೋಡುತ್ತಿರಲಿ. ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, 10ರಿಂದ 20 ಡಿಗ್ರಿಯಷ್ಟು ಮಾತ್ರ, ಥಟ್ಟನೆ ಪಕ್ಕಕ್ಕೆ ತಿರುಗಿಸಿ. ದೃಷ್ಟಿ ತಲೆಯೊಡನೆ ಜಾರಿಹೋಗಿ, ಮರುಕ್ಷಣ ಚಕ್ಕನೆ ಹಾರಿ ಮೂಗಿಗೆ ಮರಳಿದರೆ ತೊಂದರೆ ಒಳಕಿವಿಯ ನರದಲ್ಲಿರುವ ಸಂಭವ ಹೆಚ್ಚು. ಇಷ್ಟೊಂದು ತಲೆ ತಿರುಗುತ್ತಿದ್ದರೂ ದೃಷ್ಟಿ ಕದಲದೆ ನಿಂತರೆ, ನೋಡಲು ಸಹಜವೆನಿಸುವ ಆ ಫಲಿತಾಂಶವೇ ಅಪಾಯದ ಗುರುತು. ಬಲಕ್ಕೆ ನೋಡಿದಾಗ ಬಲಕ್ಕೂ ಎಡಕ್ಕೆ ನೋಡಿದಾಗ ಎಡಕ್ಕೂ ದಿಕ್ಕು ಬದಲಿಸುವ ಅಥವಾ ಮೇಲೆ ಕೆಳಗೆ ಬಡಿಯುವ ಓಲಾಟ, ಒಂದೊಂದೇ ಕಣ್ಣನ್ನು ಮುಚ್ಚಿ ತೆರೆದಾಗ ತೆರೆದ ಕಣ್ಣು ಲಂಬವಾಗಿ ಸರಿಯುವುದು ಕೂಡ ಮಿದುಳಿನ ಕಡೆಗೇ ಬೆರಳು ತೋರಿಸುತ್ತವೆ. ಒಂದು ಕಿವಿ ಹೊಸದಾಗಿ ಕೇಳಿಸದಂತಾಗಿದ್ದರೆ ಅದನ್ನು ಕಿವಿಯ ಕಾಯಿಲೆ ಎಂದು ಬದಿಗಿಡಬೇಡಿ. ಒಳಕಿವಿಗೆ ರಕ್ತ ಕೊಡುವ ನಾಳವೂ ಅದೇ ಹಿಂಭಾಗದ ರಕ್ತನಾಳಗಳಿಂದ ಬರುತ್ತದೆ.

ಉತ್ತರ 2 (ಸ್ಟಾಫ್ ನರ್ಸ್)

ಡಾಕ್ಟರ್ ಬರುವ ಮೊದಲೇ ನಾವು ಗ್ಲುಕೋಮೀಟರಿನಲ್ಲಿ ಸಕ್ಕರೆ, ಇಸಿಜಿ, ಮಲಗಿದಾಗಿನ ಮತ್ತು ನಿಂತಾಗಿನ ಬಿಪಿ ನೋಡಿಡುತ್ತೇವೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಇಳಿದರೆ ಕಪ್ಪು ಮಲ, ಭೇದಿ, ಬಿಪಿ ಮಾತ್ರೆ ಇವುಗಳ ಬಗ್ಗೆ ಕೇಳುತ್ತೇವೆ. ಇದಲ್ಲದೆ ನನ್ನ ಅನುಭವದಲ್ಲಿ ಎಂದೂ ಬಿಡಬಾರದ ಕೆಲಸವೊಂದಿದೆ: ರೋಗಿಯನ್ನು ಮಂಚದ ಅಂಚಿನಲ್ಲಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ ಕೂರಿಸುವುದು. ಒಳಕಿವಿಯ ತೊಂದರೆಯವರು ವಾಂತಿ ಮಾಡಿಕೊಳ್ಳುತ್ತಲಾದರೂ ಸಾಮಾನ್ಯವಾಗಿ ಕೂರುತ್ತಾರೆ, ಗೋಡೆ ಹಿಡಿದು ನಡೆಯುತ್ತಾರೆ. ಆಸರೆಯಿಲ್ಲದೆ ಕೂರಲಾಗದೆ ಒಂದು ಕಡೆಗೆ ವಾಲುವವರನ್ನು ಮನೆಗೆ ಕಳಿಸಲು ನಾನು ಬಿಡುವುದಿಲ್ಲ. "ಸುಸ್ತಾಗಿದ್ದಾರೆ, ಮಲಗಲಿ ಬಿಡಿ" ಎಂದು ಮನೆಯವರು ಹೇಳಿದಾಗ ಈ ಪರೀಕ್ಷೆ ತಪ್ಪಿಹೋಗುತ್ತದೆ.

ಉತ್ತರ 3 (ಕಿವಿ, ಮೂಗು, ಗಂಟಲು ತಜ್ಞ)

ಮಗ್ಗುಲು ಬದಲಿಸಿದಾಗ, ಅಟ್ಟದ ಡಬ್ಬಿ ತೆಗೆಯಲು ತಲೆಯೆತ್ತಿದಾಗ, ಒಂದು ನಿಮಿಷಕ್ಕೂ ಕಡಿಮೆ ಹೊತ್ತು ತಿರುಗಿ ನಿಲ್ಲುವ ತಲೆಸುತ್ತಿಗೆ ಹಿಂಟ್ಸ್ ಮಾಡಲೇಬಾರದು. ಅಂಥವರ ದೃಷ್ಟಿ ಕದಲದೆ ನಿಲ್ಲುವುದು ಸಹಜ. ಅದನ್ನು ಸ್ಟ್ರೋಕ್ ಎಂದು ತಪ್ಪಾಗಿ ಓದುವಂತಾಗುತ್ತದೆ. ಅಲ್ಲಿ ನಡೆದಿರುವುದು ಒಳಕಿವಿಯ ಸುಣ್ಣದ ಹರಳುಗಳು ಅರ್ಧವೃತ್ತಾಕಾರದ ನಾಳಕ್ಕೆ ಜಾರಿರುವುದು. ತಲೆಯನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿಯುವಂತೆ ಹಿಂದಕ್ಕೆ ಮಲಗಿಸಿ. ಇದು 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಪರೀಕ್ಷೆ. ಕೆಲವು ಸೆಕೆಂಡು ತಡೆದು ಕಣ್ಣು ಮೇಲ್ಮುಖವಾಗಿ ತಿರುಚುತ್ತ ಬಡಿಯತೊಡಗಿ ನಿಮಿಷದೊಳಗೆ ನಿಂತರೆ, ಅದೇ ಮಂಚದಲ್ಲಿ ಎಪ್ಲೆ ವಿಧಾನದಿಂದ ಹರಳನ್ನು ಸ್ವಸ್ಥಾನಕ್ಕೆ ಮರಳಿಸಬಹುದು. ಹೊರಳಿಸುವ ಪ್ರತಿ ಭಂಗಿಯಲ್ಲೂ ಓಲಾಟ ನಿಲ್ಲುವವರೆಗೆ ಕಾಯುವ ತಾಳ್ಮೆ ಬೇಕು.

ಸ್ಟೆಮೆಟಿಲ್ ಬಗ್ಗೆಯೂ ಹೇಳಬೇಕು. ಎಡೆಬಿಡದ ತಲೆಸುತ್ತಿನಲ್ಲಿ ವಾಂತಿ ತಡೆಯಲು ಅದು ಎರಡು ಮೂರು ದಿನ ಸಾಕು. ತಿಂಗಳುಗಟ್ಟಲೆ ಚೀಟಿ ಬರೆದರೆ ಮಿದುಳು ಹೊಸ ಸಮತೋಲಕ್ಕೆ ಒಗ್ಗಿಕೊಳ್ಳುವುದು ತಡವಾಗುತ್ತದೆ, ವಯಸ್ಸಾದವರಲ್ಲಿ ಕೈನಡುಕ, ಮೈಬಿಗಿತ ಬರುತ್ತವೆ. ಹರಳಿನ ತಲೆಸುತ್ತಿಗಂತೂ ಅದು ಚಿಕಿತ್ಸೆಯೇ ಅಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಆ ಮಹಿಳೆಯನ್ನು ನಾನು ಒಮ್ಮೆಯೂ ಎಬ್ಬಿಸಿ ಕೂರಿಸಿರಲಿಲ್ಲ. ಅನುಮಾನವಿರುವವರನ್ನು 108ರಲ್ಲಿ ಕಳಿಸುವಾಗ ಚೀಟಿಯಲ್ಲಿ ಏನು ಬರೆಯಬೇಕು?

ಉತ್ತರ 1 (ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ)

ರೋಗಿ ಕೊನೆಯ ಬಾರಿ ಸರಿಯಾಗಿದ್ದ ಗಂಟೆ ಮತ್ತು ನಿಮಿಷವನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ರಕ್ತದ ಹೆಪ್ಪು ಕರಗಿಸುವ ಔಷಧಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. 70 ಕಿಲೋಮೀಟರಿನ ದಾರಿ ಅದರಲ್ಲಿ ದೊಡ್ಡ ಪಾಲನ್ನು ತಿನ್ನುತ್ತದೆ. ಕಣ್ಣು ಯಾವ ದಿಕ್ಕಿಗೆ ಬಡಿಯುತ್ತಿತ್ತು, ಆಸರೆಯಿಲ್ಲದೆ ಕೂತರೇ, ಸಕ್ಕರೆ ಎಷ್ಟಿತ್ತು, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ ಎಂಬುದನ್ನೂ ಸೇರಿಸಿ. ನುಂಗುವುದನ್ನು ಪರೀಕ್ಷಿಸುವವರೆಗೆ ದಾರಿಯಲ್ಲಿ ಬಾಯಿಗೆ ನೀರನ್ನೂ ಹಾಕಬಾರದೆಂದು ಜೊತೆಯವರಿಗೆ ಬಿಡಿಸಿ ಹೇಳಿ. ಗಾಡಿ ಹೊರಡುವ ಮೊದಲೇ ಅಲ್ಲಿನ ಡ್ಯೂಟಿ ಡಾಕ್ಟರಿಗೆ ನೀವೇ ಫೋನ್ ಮಾಡಿ.