ಸಹಾಯ ಬೇಕು: ಸಕ್ಕರೆ ವಾಶ್ ಅರ್ಧಕ್ಕೇ ನಿಂತುಬಿಟ್ಟಿದೆ

ನ್ಯೂಜಿಲೆಂಡಿನಲ್ಲಿರುವ ಕನ್ನಡಿಗರೇ, ಯಾರಾದರೂ ಮನೆಯಲ್ಲಿ ಸ್ಪಿರಿಟ್ ಇಳಿಸುವವರಿದ್ದೀರಾ? (ಇಲ್ಲಿ 1996ರಿಂದ ಸ್ವಂತ ಬಳಕೆಗೆ ಇಳಿಸುವುದು ಕಾನೂನುಬದ್ಧ, ಮಾರುವಂತಿಲ್ಲ. ಊರಲ್ಲಿರುವವರು ದಯವಿಟ್ಟು ಕೈಹಾಕಬೇಡಿ, ಅಲ್ಲಿ ಅದು ಅಪರಾಧ.)

ಇದು ನನ್ನ ಮೊದಲ ವಾಶ್ (ಇಳಿಸುವ ಮೊದಲು ಹುದುಗಿಸುವ ಸಕ್ಕರೆ ನೀರು). 4 ಕೆಜಿ ಬಿಳಿ ಸಕ್ಕರೆ ಕರಗಿಸಿ, ನೀರು ಸೇರಿಸಿ ಒಟ್ಟು 20 ಲೀಟರ್ ಮಾಡಿ, ಬ್ರೆಡ್ ಯೀಸ್ಟ್ ಹಾಕಿದೆ. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ; ಸಕ್ಕರೆ ಹುದುಗಿದಂತೆ ಅಂಕಿ ಇಳಿಯುತ್ತದೆ) 1.076 ತೋರಿಸಿತು. ನಾಲ್ಕು ದಿನ ಗುಳುಗುಳು ಅಂತ ಚೆನ್ನಾಗಿ ಹುದುಗಿತು. ಈಗ ಒಂಬತ್ತನೇ ದಿನ, 1.030ಕ್ಕೆ ಬಂದು ಅಲುಗಾಡುತ್ತಿಲ್ಲ. 1.000ಕ್ಕಿಂತ ಕೆಳಗಿಳಿಯಬೇಕಿತ್ತಲ್ಲ? ನಾಲಿಗೆಗೆ ಇನ್ನೂ ಸಿಹಿ.

ನನಗೆ ಅನುಮಾನ ಮೂರು. ಗ್ಯಾರೇಜಿನಲ್ಲಿ ರಾತ್ರಿ 14 ಡಿಗ್ರಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ದೋಸೆ ಹಿಟ್ಟೇ ಉಬ್ಬುವುದಿಲ್ಲ, ಇದು ಹೇಗೆ ಉಬ್ಬೀತು! ಇನ್ನೊಂದು, ಬರೀ ಸಕ್ಕರೆಯಲ್ಲಿ ಯೀಸ್ಟಿಗೆ ಬೇಕಾದ ಸಾರಜನಕ, ಖನಿಜ ಏನೂ ಇಲ್ಲ, ನಾನೂ ಪೋಷಕ ಹಾಕಿರಲಿಲ್ಲ. ಮೂರನೆಯದು, ಪಿಎಚ್ (ಹುಳಿಯ ಮಟ್ಟ) ಅಳೆಯುವ ಪಟ್ಟಿ 3 ತೋರಿಸುತ್ತಿದೆ, ಯೀಸ್ಟಿಗೆ ಇದು ವಿಪರೀತ ಹುಳಿ.

ಡ್ರಮ್ಮನ್ನು ಒಳಗೆ ತಂದು 25 ಡಿಗ್ರಿಯಲ್ಲಿಟ್ಟು, ಹುಳಿ ತಗ್ಗಿಸಲು ಮೊಟ್ಟೆ ಚಿಪ್ಪಿನ ಪುಡಿ ಹಾಕಿ, ಒಂದಿಷ್ಟು ಯೀಸ್ಟ್ ಕುದಿಸಿ ಪೋಷಕವಾಗಿ ಸೇರಿಸಬೇಕೆಂದಿದ್ದೇನೆ. ಚಿಪ್ಪಿನ ಪುಡಿ ಎಷ್ಟು ಹಾಕಲಿ? ಹೊಸ ಯೀಸ್ಟನ್ನು ನೇರವಾಗಿ ಸುರಿದರೆ ಸಾಕಾ, ಅಥವಾ ಇದೇ ವಾಶಿಗೆ ಸ್ವಲ್ಪಸ್ವಲ್ಪವಾಗಿ ಒಗ್ಗಿಸಿ ಹಾಕಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.